ಓಲೆಯ ಪಕ್ಕದ ಕರೆಂಟು

ಹತ್ತಿಮತ್ತೂರಿನ ನೇತ್ರಾಳಿಗಿದ್ದ ರೋಗವೆಂದರೆ ನಿಲ್ಲುವುದು. ಮಲಗಿದರೆ ಚಂದ, ಕುಳಿತರೂ ಅಡ್ಡಿಯಿಲ್ಲ; ಎದ್ದು ನಿಂತಳೋ, ಎದೆ ಡವಡವ ಓಡುತ್ತಿತ್ತು, ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಡೆಂಗಿ ಬಂದು ಹೋದ ಮೇಲೆ ಗಂಟುಬಿದ್ದದ್ದು ಅದು. ಹೇಳಿ ಕೇಳಿ ಅತ್ತೆ ಸರೋಜವ್ವನ ಮನೆ. ಗಂಡಸರ ಊಟ ಮುಗಿಯುವ ತನಕ ಸೊಸೆ ನಿಂತೇ ಬಡಿಸಬೇಕು. ಎರಡು ಸಲ ಸಾರಿನ ಬೋಗುಣಿ ಸಮೇತ ಬಿದ್ದಳು.

"ಉಣ್ಣಾಕ ಕುಂತ್ರ ಏನೂ ಆಗಂಗಿಲ್ಲ, ಬಡಸಾಕ ನಿಂತ್ರ ಚಕ್ಕರ್ ಬರ್ತೈತಿ. ಎಂಥಾ ಶಾಣ್ಯಾ ಜಡ್ಡು ನೋಡವ್ವಾ!" ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಅಂದಳು. ಗಂಡ ಶರಣು ಬಾಯಿ ಬಿಡುವ ಪೈಕಿಯಲ್ಲ. ಯುಗಾದಿಯೊಳಗೆ ನೆಟ್ಟಗಾಗದಿದ್ದರೆ ಮಾಸೂರಿನ ತವರಿಗೆ ಬಿಟ್ಟು ಬರುವುದೆಂದು ಮಾತಾಯಿತು. ಬಿದ್ದ ಪೆಟ್ಟಿಗಿಂತ, ಯಾರೂ ನಂಬದ್ದೇ ನೇತ್ರಾಳಿಗೆ ಹೆಚ್ಚು ನೋಯುತ್ತಿತ್ತು.

ಹುಬ್ಬಳ್ಳಿಯ ಡಾಕ್ಟರಮ್ಮ ಮಲಗಿಸಿ, ನಿಲ್ಲಿಸಿ ನಾಡಿ ನೋಡಿದರು. ಹೃದಯ ಗಟ್ಟಿಯಿದೆ, ಅದಕ್ಕೆ ಲಗಾಮು ಹಾಕುವ ನರದ ಹಿಡಿತ ಸಡಿಲಾಗಿದೆ ಎಂದರು. ಚಿಕಿತ್ಸೆ ಹೊಸದು, ಎಲ್ಲರಿಗೂ ಗುಣವಾಗುತ್ತದೆಂದು ಹೇಳಲಾರೆ ಎಂದೂ ಅಂದರು. ಬೆಂಕಿಪೊಟ್ಟಣದಷ್ಟು ಯಂತ್ರ, ತಂತಿಯ ತುದಿಗೊಂದು ಕ್ಲಿಪ್ಪು. ಕಿವಿಯ ಬಾಗಿಲಲ್ಲಿರುವ ಪುಟ್ಟ ಮುಚ್ಚಳಕ್ಕೆ ಅದನ್ನು ಕಚ್ಚಿಸಿ ದಿನಾ ಒಂದು ತಾಸು ಕೂರಬೇಕು. ಆ ನರದ ಎಳೆಯೊಂದು ಅಲ್ಲಿಗೆ ಬರುತ್ತದೆ, ಸಣ್ಣ ಕರೆಂಟು ಅದನ್ನು ತಟ್ಟಿ ಎಬ್ಬಿಸುತ್ತದೆ.

ಮೊದಲ ದಿನವೇ ಸರೋಜವ್ವ ಕ್ಲಿಪ್ಪು ಕಿತ್ತಳು. "ತಲಿಯೊಳಗ ಕರೆಂಟ್ ಹೊಕ್ಕೀತು! ಕಿವಿಗೆ ಏನ ಹಾಕಿದ್ರೂ ಓಲಿ ಹಾಕೂ ಜಾಗಾದಾಗ ಹಾಕಬೇಕು." ನೇತ್ರಾ ಬೇಡವೆಂದರೂ ಕೇಳದೆ ಓಲೆಯ ಪಕ್ಕದಲ್ಲಿ ತಾನೇ ಸಿಕ್ಕಿಸಿದಳು. ಎರಡು ತಿಂಗಳು ಕಿವಿ ಚುಮುಚುಮು ಅಂದಿತೇ ಹೊರತು ಎದೆಯ ಓಟ ನಿಲ್ಲಲಿಲ್ಲ.

ಯುಗಾದಿ ವಾರವಿರುವಾಗ ಅತ್ತೆ ಸೊಸೆ ಮತ್ತೆ ಹುಬ್ಬಳ್ಳಿಗೆ ಹೋದರು. ಹೇಗೆ ಹಾಕಿಕೊಳ್ಳುತ್ತೀ ತೋರಿಸು ಎಂದರು ಡಾಕ್ಟರಮ್ಮ. ನೇತ್ರಾ ಓಲೆಯ ಪಕ್ಕ ಸಿಕ್ಕಿಸಿದಳು.

"ಅಯ್ಯ, ಅಲ್ಲಿ ಆ ನರಾನ ಇಲ್ಲ! ಯಾರು ಹೇಳಿದ್ರು ನಿನಗ?"

ನೇತ್ರಾ ಕ್ಲಿಪ್ಪು ಬಿಚ್ಚತೊಡಗಿದಳು. ಅತ್ತೆಯ ಹೆಸರು ಹೇಳಿದರೆ ಮಾಸೂರಿನ ಬಸ್ಸು ತಾನೇ ಹತ್ತಿದಂತೆ.

"ನಾನರೀ," ಎಂದಳು ಸರೋಜವ್ವ. "ಅಕಿ ಬ್ಯಾಡ ಅಂದ್ಲು. ನಾನ ಸರಿಸೀನಿ."

ಡಾಕ್ಟರಮ್ಮ ಬೈಯಲಿಲ್ಲ. ಕ್ಲಿಪ್ಪನ್ನು ಸರಿಯಾದ ಜಾಗಕ್ಕೆ ಹಾಕಿ, ಚಿಕಿತ್ಸೆಯ ಲೆಕ್ಕ ಇವತ್ತಿನಿಂದ ಶುರು ಎಂದರು.

ಊರಿಗೆ ಮರಳಲು ಹತ್ತಿದ ಸವಣೂರಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತ ನೇತ್ರಾಳ ಮುಖ ಬೆವೆತು ಬಿಳಿಚಿತು. ಸರೋಜವ್ವ ಜನರನ್ನು ಸರಿಸಿಕೊಂಡು ಮುಂದೆ ಹೋಗಿ, ಮೊಬೈಲು ನೋಡುತ್ತಿದ್ದವನೊಬ್ಬನ ಭುಜ ತಟ್ಟಿದಳು.

"ಏಳೋ ಯಪ್ಪಾ, ನನ್ನ ಸೊಸಿಗೆ ಜಾಗಾ ಬಿಡು. ಅಕಿಗೆ ನಿಂದ್ರಾಕ ಆಗಂಗಿಲ್ಲ."

"ಚೊಲೋನ ಅದಾರಲ್ಲಬೇ, ಏನಾಗೇತಿ?"

ಇಡೀ ಬಸ್ಸು ತಿರುಗಿ ನೋಡುವಂತೆ ಸರೋಜವ್ವ ಕೂಗಿದಳು: "ಜಡ್ಡೈತಿ! ಖರೇನ ಐತಿ!"