ಕಾಫಿ ಕೊಟ್ಟ ನೋಡೋಣ, ಕಾಫಿ ಕೊಡದ ನೋಡೋಣ

ವಿಮಾನ ಹತ್ತಿದರೆ ಇಳಿಯುವವರೆಗೂ, ಇಳಿದರೆ ಸೂಟ್‌ಕೇಸ್ ಬರುವವರೆಗೂ, ಬಂದ ಸೂಟ್‌ಕೇಸ್ ನನ್ನದೇ ಹೌದೋ ಅಲ್ಲವೋ ಎಂದು ಮನೆಗೆ ಬಂದು ಬೀಗ ತೆಗೆಯುವವರೆಗೂ ಚಿಂತೆ ಮಾಡುವ ಜಾತಿ ನನ್ನದು. ಇಂಥವನು ಅಮೆರಿಕದ ಸೆಂಟರ್‌ವಿಲ್‌ನಲ್ಲಿ ಮನೆಮನೆಗೆ ಹೋಗಿ ನಮ್ಮ ಮುಖ್ಯಮಂತ್ರಿಯಂಥ ಗವರ್ನರ್ ಹುದ್ದೆಗೆ ನಿಂತವರೊಬ್ಬರಿಗಾಗಿ ಓಟು ಕೇಳಿದೆ ಎಂದರೆ ನನ್ನ ಹೆಂಡತಿ ಈಗಲೂ ಪೂರ್ತಿ ನಂಬುವುದಿಲ್ಲ.

ಶುರುವಾದದ್ದು ಸಮೋಸದಿಂದ. ಕೋವಿಡ್ ಹಿಂದೆ ಸರಿದು ಜನ ಮತ್ತೆ ಒಂದೇ ಕೋಣೆಯಲ್ಲಿ ಕೂತು ಉಸಿರಾಡಲು ಧೈರ್ಯ ಮಾಡಿದ ಮೇಲಿನ ಮಾತು. ರೆಸ್ಟನ್‌ನ ನಮ್ಮ ಆಫೀಸಿನ ಗೆಳೆಯನೊಬ್ಬ, ಸಂಜೆ ಒಂದು ಮೀಟಿಂಗ್ ಇದೆ, ಸಮೋಸ ಕೊಡ್ತಾರೆ ಎಂದು ಕರೆದುಕೊಂಡು ಹೋದ. ನಾನು ಅಮೆರಿಕದ ಪ್ರಜೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿಗೆ ಬಂದಿದ್ದ ಅಭ್ಯರ್ಥಿ ಭಾಷಣ ಮಾಡಲಿಲ್ಲ; ಒಂದು ಪ್ರಶ್ನೆ ಕೇಳಿದರು. "ನಿಮ್ಮ ಬೀದಿಗೆ ಕೊನೆಯ ಸಲ ಓಟು ಕೇಳೋಕೆ ಬಂದವರು ಯಾರು?"

ಯಾರೂ ಬಂದಿರಲಿಲ್ಲ. ಛಾವಣಿ ರಿಪೇರಿಯವರು ಬಂದಿದ್ದರು, ಇರುವೆ ಔಷಧಿಯವರು ಬಂದಿದ್ದರು. ಓಟು ಕೇಳುವವರು ಮಾತ್ರ ನಮ್ಮ ಬೀದಿಯನ್ನು ದಾಟಿ ಮುಂದೆ ಹೋಗುತ್ತಿದ್ದರು. ಅಲ್ಲಿಯವರೆಗೆ ಅದನ್ನು ನಾನು ಒಂದು ಸೌಕರ್ಯವೆಂದೇ ತಿಳಿದಿದ್ದೆ. ಅಂದು ಯಾಕೋ ಅದು ಅವಮಾನವೆನಿಸಿತು. ಎರಡನೇ ಸಮೋಸ ಕೈಯಲ್ಲಿರುವಾಗಲೇ ಸ್ವಯಂಸೇವಕನಾಗಲು ಒಪ್ಪಿಬಿಟ್ಟೆ.

ಇದು ಪ್ರೈಮರಿ. ನವೆಂಬರಿನ ದೊಡ್ಡ ಚುನಾವಣೆಗೆ ಮೊದಲು, ಜೂನಿನಲ್ಲಿ, ಒಂದೇ ಪಕ್ಷದ ಟಿಕೆಟ್ಟಿಗೆ ಹಲವರು ತಮ್ಮತಮ್ಮಲ್ಲೇ ಸೆಣಸುವುದು. ನಮ್ಮ ಕಡೆ ಟಿಕೆಟ್ ಹಂಚುವ ತಲೆನೋವು ಹೈಕಮಾಂಡಿನದು. ಇಲ್ಲಿ ಅದನ್ನೂ ಮತದಾರನ ತಲೆಗೇ ಕಟ್ಟುತ್ತಾರೆ.

ನಮ್ಮ ಭಾಗದ ಪ್ರಚಾರದ ಹೊಣೆ ಹೊತ್ತವರು ಸರ್ಕಾರಿ ಕೆಲಸದಿಂದ ನಿವೃತ್ತರಾದ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಡ್ರೈಕ್ಲೀನರ್ ಅಂಗಡಿಯ ಪಕ್ಕದ ಒಂದು ಕೋಣೆಯಲ್ಲಿ ಕೂತು ಅವರು ಹೇಳಿದ ನಿಯಮ ಬಹಳ ಸರಳ. ಬಾಗಿಲು ತಟ್ಟು, ಓಟು ಹಾಕ್ತೀರಾ ಎಂದು ನೇರ ಕೇಳು, ಉತ್ತರವನ್ನು ಫೋನಿನಲ್ಲಿ ಒತ್ತು. ಒಂದು ಎಂದರೆ ನಮ್ಮವರು. ಐದು ಎಂದರೆ ಬೇರೆಯವರ ಕಡೆ. ಮೂರು ಎಂದರೆ ಇನ್ನೂ ತೀರ್ಮಾನಿಸಿಲ್ಲ.

ನೇರ ಕೇಳುವುದು! ಮೈಸೂರಿನಲ್ಲಿ ಬೆಳೆದವನಿಗೆ ಹೇಳುವ ಮಾತೇ ಇದು? ಮೊದಲ ಮನೆಯಲ್ಲಿ ಬಾಗಿಲು ತೆರೆದ ಕನ್ನಡದ ಯಜಮಾನರಿಗೆ ನಾನು ಹೇಳಿದ್ದು, "ಏನಿಲ್ಲ, ಸುಮ್ನೆ ಬಂದೆ." ಆಮೇಲೆ ಅವರ ಹುಲ್ಲುಹಾಸಿನ ಬಗ್ಗೆ, ಮಗಳ ಕಾಲೇಜಿನ ಬಗ್ಗೆ, ಬೆಂಗಳೂರಿನ ಟ್ರಾಫಿಕ್ ಬಗ್ಗೆ ಮಾತಾಡಿ, ಅಭ್ಯರ್ಥಿಯ ಹೆಸರೆತ್ತದೆ ವಾಪಸ್ ಹೊರಟೆ. ಅವರಿಗೂ ನೆಮ್ಮದಿ ಇರಲಿಲ್ಲ. ಬಾಗಿಲು ಹಾಕುವಾಗ ತಡೆಯಲಾರದೆ ಕೇಳಿಯೇಬಿಟ್ಟರು. "ಸರ್, ಬೇಜಾರು ಮಾಡ್ಕೋಬೇಡಿ. ನೀವು ವಿಟಮಿನ್ ಮಾತ್ರೆ ಚೈನ್ ಬಿಸಿನೆಸ್‌ನವರಾ?"

"ಅಯ್ಯೋ, ಅಲ್ಲ ಸರ್. ಗವರ್ನರ್ ಎಲೆಕ್ಷನ್."

ಅವರ ಮುಖ ಹೂವಾಯಿತು. "ಅಷ್ಟೇನಾ! ಮೊದ್ಲೇ ಹೇಳೋದಲ್ವಾ? ಬನ್ನಿ, ಕಾಫಿ ಕುಡೀರಿ. ಓಟು ತಾನೆ, ನೋಡೋಣ."

ನೋಡೋಣ. ಆ ಬೀದಿಯಲ್ಲಿ, ಮುಂದಿನ ಬೀದಿಯಲ್ಲಿ, ಕನ್ನಡದ ಪ್ರತಿ ಮನೆಯಲ್ಲೂ ಇದೇ ಉತ್ತರ. ನಮ್ಮ ಜನ ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದು ಮರ್ಯಾದೆಯಲ್ಲ. ನಾನು ಪ್ರಾಮಾಣಿಕವಾಗಿ ಎಲ್ಲ ಮನೆಗೂ ಮೂರು ಒತ್ತಿಕೊಂಡು ಬಂದೆ.

ಮನೆಯಲ್ಲೂ ಕೇಳಿದೆ. "ಏನೇ, ನೀನಾದ್ರೂ ನಮ್ಮೋರಿಗೆ ಹಾಕ್ತೀಯ ತಾನೆ?"

"ನೋಡೋಣ ರೀ," ಎಂದಳು ಹೆಂಡತಿ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಚುನಾವಣೆಗೆ ಎರಡು ವಾರವಿರುವಾಗ ಕ್ಯಾಪ್ಟನ್ ನನ್ನನ್ನು ಕೂರಿಸಿಕೊಂಡರು. "ನಿಮ್ಮ ಏರಿಯಾ ಪೂರ್ತಿ ಮೂರು," ಎಂದರು. "ಕೊನೆಯ ಎರಡು ವಾರದಲ್ಲಿ ತೀರ್ಮಾನವಾಗದವರ ಹಿಂದೆ ಓಡೋಕೆ ನನ್ನ ಹತ್ತಿರ ಜನ ಇಲ್ಲ. ನಿಮ್ಮ ಬೀದಿಗಳನ್ನ ಬಿಟ್ಟು ಆಚೆ ಕಡೆಗೆ ಎಲ್ಲರನ್ನೂ ಕಳಿಸ್ತೀನಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕಾಚಾರವಿತ್ತು. ನಮ್ಮ ಬೀದಿಗಳನ್ನು ಪ್ರತಿ ಸಲ ಬಿಟ್ಟದ್ದು ಹೀಗೆಯೇ ಇರಬೇಕು. ನಾನು ಬರುವ ಮೊದಲು ಎಂದೋ ಬಂದು ಕೇಳಿದ್ದಾರೆ, ನಾವು ನೋಡೋಣ ಎಂದಿದ್ದೇವೆ, ಅವರು ನೋಡದೆ ಹೋಗಿದ್ದಾರೆ. ಈ ಸಲವೂ ಬಿಟ್ಟರೆ ಮುಂದಿನ ಸಲ ಇನ್ಯಾರೂ ಬರುವುದಿಲ್ಲ. ನನಗೆ ಗೊತ್ತಿಲ್ಲದೆ ಬಾಯಿಂದ ಮಾತು ಬಂತು. "ಅವು ಮೂರು ಅಲ್ಲ. ತಪ್ಪು ನನ್ನದು. ನೋಡೋಣ ಅಂದ್ರೆ ಬೇರೆ ಬೇರೆ ಅರ್ಥ ಇದೆ."

"ಎಷ್ಟು ಅರ್ಥ?"

ನಾನು ವಿವರಿಸಿದೆ. ನಿಂತಲ್ಲೇ "ನೋಡೋಣ ಬಿಡಿ" ಎಂದರೆ ಐದು. ಮತ್ತೆ ಬರಬೇಡ ಎಂದೂ ಅರ್ಥ. "ನೋಡೋಣ ಸರ್" ಎಂದು ವಿನಯದಿಂದ ನಕ್ಕರೆ, ಪಾಪ, ಅವರು ವೀಸಾದ ಮೇಲಿರುವವರು. ಓಟೇ ಇಲ್ಲ, ಹೇಳಿಕೊಳ್ಳಲು ಸಂಕೋಚ. "ನೋಡೋಣ, ಇವಳನ್ನ ಕೇಳ್ತೀನಿ" ಎಂದರೆ ಅವಳು ಆಗಲೇ ತೀರ್ಮಾನಿಸಿ ಆಗಿದೆ. "ನೋಡೋಣ" ಎಂದವರು ಕಾಫಿ ಕೊಟ್ಟರೆ ಮಾತ್ರ, ಅದು ಒಂದು.

ಕ್ಯಾಪ್ಟನ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಕಾಫಿ ಮೇಲೆ ನಾನು ಜನರನ್ನ ಕಳಿಸಬೇಕಾ?"

"ಹೌದು," ಎಂದೆ.

ಕಾಫಿಯನ್ನು ನೆನಪಿಸಿಕೊಂಡು ಒಂದೊಂದೇ ಮನೆಯ ಮೂರನ್ನು ಬದಲಿಸಿದೆ. ಹುಳಿ ಬಂದ ಡಿಕಾಕ್ಷನ್ನಿಗೂ ಒಂದು ಕೊಟ್ಟೆ, ಭಾವನೆ ಮುಖ್ಯ. ಸಿಕ್ಕಿಬಿದ್ದದ್ದು ಮೂಲೆಮನೆಯ ಮಂಗಳೂರಿನ ಆಂಟಿಯ ಹತ್ತಿರ. ನಿವೃತ್ತ ನರ್ಸ್, ಬಹಳ ಕಾಲದಿಂದ ಇಲ್ಲಿಯ ಪ್ರಜೆ. ಅವರ ಚರ್ಚಿಗೆ ಹೋಗುವ ಕರಾವಳಿಯ ಕುಟುಂಬಗಳು ಓಟಿನ ವಿಷಯದಲ್ಲಿ ಅವರ ಮಾತೇ ಕೇಳುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಹೋದಾಗ ಅವರು ಬಾಗಿಲನ್ನು ಮುಖ ಹಿಡಿಸುವಷ್ಟೇ ತೆರೆದು, "ಎಂತ ಮಾರಾಯ್ರೆ, ಓಟಾ? ಆಯ್ತು, ನೋಡುವ," ಎಂದು ಪಟ್ಟನೆ ಹಾಕಿಕೊಂಡಿದ್ದರು. ಕಾಫಿಯಿಲ್ಲ. ಕೂರಿ ಎನ್ನಲಿಲ್ಲ. ಅದೂ ನೋಡೋಣ ಅಲ್ಲ, ನೋಡುವ! ನನ್ನ ಪಾಂಡಿತ್ಯ ಘಟ್ಟದ ಮೇಲಿನದು. ಘಟ್ಟದ ಕೆಳಗಿನ ನೋಡುವ ಯಾವ ಅಂಕೆ?

ಕ್ಯಾಪ್ಟನ್ ಕಾಯುತ್ತಿದ್ದರು. ಕಣ್ಣುಮುಚ್ಚಿ ಒಂದು ಒತ್ತಿದೆ.

ಅವರು ನಮ್ಮ ಬೀದಿಗಳಿಗೇ ಜನರನ್ನು ಕಳಿಸಿದರು. ಆ ಎರಡು ವಾರ ನಾನು ಪಟ್ಟ ಚಿಂತೆಯನ್ನು ನನ್ನ ಹಳೆಯ ಚಿಂತೆಗಳೆಲ್ಲ ನಿಂತು ಗೌರವಿಸಬೇಕು. ಕಾಫಿ ಕೊಡುವುದು ನಮ್ಮಲ್ಲಿ ಬರೀ ಅಭ್ಯಾಸವಾಗಿದ್ದರೆ? ಪ್ಲಂಬರ್ ಬಂದರೂ ಕೊಡುತ್ತೇವಲ್ಲ?

ಮತದಾನದ ದಿನ ನಮ್ಮ ಮತಗಟ್ಟೆಯಾಗಿದ್ದ ಶಾಲೆಯ ಬಾಗಿಲಿನಿಂದ ದೂರ, ಪ್ರಚಾರದವರು ದಾಟಬಾರದೆಂದು ಎಳೆದ ಗೆರೆಯ ಹಿಂದೆ, ಕರಪತ್ರ ಹಿಡಿದು ನಿಂತೆ. ಬೆಳಿಗ್ಗೆ ಯಾರೂ ಇಲ್ಲ. ಮಧ್ಯಾಹ್ನ ಬಿಸಿಲು, ಇನ್ನೂ ಯಾರೂ ಇಲ್ಲ. ಕ್ಯಾಪ್ಟನ್ ಎರಡು ಸಲ ಫೋನ್ ಮಾಡಿ "ನಿಮ್ಮ ಕಾಫಿಯವರು ಎಲ್ಲಿ?" ಎಂದು ಕೇಳಿದರು. ನಾನು "ಆಫೀಸ್ ಬಿಡಲಿ" ಎಂದೆ.

ಆಫೀಸ್ ಬಿಟ್ಟಿತು. ಮೊದಲು ಬಂದವರು ವಿಟಮಿನ್ ಮಾತ್ರೆಯ ಅನುಮಾನದ ಯಜಮಾನರು, ಹೆಂಡತಿ ಮತ್ತು ಕಾಲೇಜಿನ ಮಗಳ ಜೊತೆ. "ಸುಮ್ನೆ ಬಂದ್ವಿ ಸರ್," ಎಂದು ಕಣ್ಣು ಹೊಡೆದು ಒಳಗೆ ಹೋದರು. ಅವರ ಹಿಂದೆ ಹುಳಿ ಡಿಕಾಕ್ಷನ್ನಿನವರು. ಅವರ ಹಿಂದೆ ನಮ್ಮ ಬೀದಿ, ಆಮೇಲೆ ಪಕ್ಕದ ಬೀದಿ, ಲ್ಯಾಪ್‌ಟಾಪ್ ಬ್ಯಾಗು ಹೆಗಲಲ್ಲೇ ಹಾಕಿಕೊಂಡು. ವೀಸಾದ ಹುಡುಗನೊಬ್ಬ ಅಪ್ಪ ಅಮ್ಮನ ವಯಸ್ಸಿನ ಪಕ್ಕದ ಮನೆಯವರನ್ನು ಕಾರಿನಲ್ಲಿ ಕರೆತಂದು, "ನನಗಿಲ್ಲ ಅಂಕಲ್, ಇವರಿಗಿದೆ," ಎಂದ. ಸಾಲು ಪಾರ್ಕಿಂಗ್ ಲಾಟಿಗೆ ಇಳಿಯಿತು. ನಾನು ಕರಪತ್ರದಿಂದ ಗಾಳಿ ಹಾಕಿಕೊಳ್ಳುತ್ತ, ಸಾಲು ಉದ್ದವಾಯಿತೆಂದು ಯಾರಾದರೂ ವಾಪಸ್ ಹೋದರೆ ಎಂದು ಹೊಸ ಚಿಂತೆ ಶುರುಮಾಡಿದೆ.

ಮುಚ್ಚಲು ಸ್ವಲ್ಪವೇ ಹೊತ್ತಿರುವಾಗ ಒಂದು ವ್ಯಾನ್ ಬಂದು ನಿಂತಿತು. ಮುಂದಿನ ಸೀಟಿನಿಂದ ಮೂಲೆಮನೆಯ ಆಂಟಿ ಇಳಿದರು. ಹಿಂದಿನಿಂದ ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಹಿಂದೆಯೇ ಇನ್ನೂ ಎರಡು ಕಾರು.

"ಆಂಟಿ!" ಎಂದೆ.

"ಎಂತ ಆಂಟಿ? ನೋಡುವ ಅಂದಿದ್ದೆ ಅಲ್ವಾ, ಬಂದೆ."

"ಅಲ್ಲ, ಅವತ್ತು ಬಾಗಿಲು ಹಾಕಿಬಿಟ್ರಲ್ಲ..."

"ಒಲೆ ಮೇಲೆ ಮೀನು ಇತ್ತು ಮಾರಾಯ್ರೆ! ನಿಮ್ಮತ್ರ ಮಾತಾಡ್ತಾ ನಿಂತ್ರೆ ಸ್ಮೋಕ್ ಅಲಾರಂ ಹೊಡ್ದು ಫೈರ್ ಎಂಜಿನ್ ಬರ್ತಿತ್ತು. ನೀವು ಎಂತ ಗ್ರಹಿಸಿದ್ದು, ನಾನು ಬರುವುದಿಲ್ಲ ಅಂತವಾ?" ಎಂದು ನನ್ನ ಕೈಯಿಂದ ಒಂದು ಕರಪತ್ರ ಕಿತ್ತುಕೊಂಡು ತಮ್ಮ ಸೈನ್ಯದ ಕಡೆ ತಿರುಗಿದರು. "ಬೇಗ ನಡೀರಿ, ಬಾಗಿಲು ಹಾಕ್ತಾರೆ."

ಫಲಿತಾಂಶ ಕ್ಯಾಪ್ಟನ್ ನಮ್ಮ ಮನೆಗೇ ತಂದರು. ಜೂನ್ ಆದ್ದರಿಂದ ಹೊರಗೆ ಇನ್ನೂ ಬೆಳಕಿತ್ತು. ನಮ್ಮ ಮತಗಟ್ಟೆಯಲ್ಲಿ ಉಳಿದ ಅಭ್ಯರ್ಥಿಗಳ ಓಟನ್ನೆಲ್ಲ ಕೂಡಿಸಿದರೂ ನಮ್ಮವರ ಓಟಿನ ಹತ್ತಿರ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಟೀವಿಯವರು ಇಡೀ ರಾಜ್ಯದ ಗೆಲುವನ್ನೂ ನಮ್ಮವರಿಗೇ ಕೊಟ್ಟರು. ನಾನು ಸೋಫಾದಿಂದ ಹಾರಿ ಎದ್ದ ರಭಸಕ್ಕೆ ಮೊಣಕಾಲು ಹಿಡಿಯಿತು, ಕುಂಟಿಕೊಂಡೇ ಕುಣಿದೆ. ಹೆಂಡತಿಯ ರವಿಕೆಯ ಮೇಲೆ ಓಟು ಹಾಕಿದವರಿಗೆ ಕೊಡುವ ಸ್ಟಿಕ್ಕರ್ ಇತ್ತು.

"ಯಾರಿಗೆ ಹಾಕ್ದೆ, ಈಗಲಾದ್ರೂ ಹೇಳೇ."

"ಗುಪ್ತ ಮತದಾನ ರೀ," ಎಂದಳು. ಅವಳ ನಗು ಗುಪ್ತವಾಗಿರಲಿಲ್ಲ.

ಕ್ಯಾಪ್ಟನ್ ನಮ್ಮ ಬಾಗಿಲ ಬಳಿ ಶೂ ಬಿಚ್ಚಿ, ಕಾಲು ಚಾಚಿ ಕೂತಿದ್ದರು. "ಮುಂದಿನ ಸಲ ನಿಮ್ಮ ಬೀದಿಗಳಿಂದಲೇ ಶುರುಮಾಡೋದು," ಎಂದರು. "ಅದಿರಲಿ, ನವೆಂಬರ್ ಇನ್ನೂ ಬಾಕಿ ಇದೆ. ನೀವು ಇರ್ತೀರಾ?"

ನವೆಂಬರ್! ಚಳಿ, ಬೇಗ ಕತ್ತಲು, ನಾಯಿಗಳು, ನನ್ನ ಮೊಣಕಾಲು. "ನೋಡೋಣ," ಎಂದುಬಿಟ್ಟೆ, ಕನ್ನಡದಲ್ಲೇ.

ಕ್ಯಾಪ್ಟನ್ ನನ್ನ ಮುಖ ನೋಡಲಿಲ್ಲ. ಕತ್ತು ಹೊರಳಿಸಿ ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ನನ್ನ ಹೆಂಡತಿ ಆಗಲೇ ಹಾಲು ಒಲೆಯ ಮೇಲಿಟ್ಟು, ಫಿಲ್ಟರಿನ ಮುಚ್ಚಳ ತೆಗೆಯುತ್ತಿದ್ದಳು. ಅವರು ಜೇಬಿನಿಂದ ಫೋನ್ ತೆಗೆದು ನನ್ನ ಹೆಸರು ಹುಡುಕಿ, ನನಗೆ ಕಾಣುವಂತೆ ಹಿಡಿದು, ಒಂದು ಒತ್ತಿದರು.