ಮಿಲ್ಲಿಯ ಮೇವು, ಪಾಟೀಲ ಡಾಕ್ಟರ ಕಣ್ಣು

ಪಾಟೀಲ ಡಾಕ್ಟರ ಕೈ ಕುಲುಕಲು ಎಲ್ಲರಿಗೂ ಹಿಂಜರಿಕೆ. ಆ ಕೈಯಲ್ಲಿ ಸದಾ ಹಿಕ್ಕೆ ಇರುತ್ತಿತ್ತು. ನಾವು ನೆಲೆಸಿದ್ದ ಪರದೇಶದ ಊರು ಜಾರ್ಜ್‌ಟೌನಿನ ಹೊರಗಿದ್ದ ಆ ಪುಟ್ಟ ಖಾಸಗಿ ಪ್ರಾಣಿಧಾಮಕ್ಕೆ ಬಂದವರೇ, ನಮಸ್ಕಾರಕ್ಕೂ ಮೊದಲು ಮಿಲ್ಲಿಯ ಹಿಕ್ಕೆ ಎತ್ತಿ, ಬೆರಳಲ್ಲಿ ಮುರಿದು, ಬೆಳಕಿಗೆ ಹಿಡಿದು ನೋಡುವರು. ಮಿಲ್ಲಿ ಒಂದು ಕ್ಯಾಪಿಬರಾ: ಇಲಿಯ ಜಾತಿ, ಹಂದಿಯ ಗಾತ್ರ, ಅರ್ಧ ದಿನ ಕೊಳದಲ್ಲೇ ವಾಸ. ವಾರಾಂತ್ಯಗಳಲ್ಲಿ ಅವಳಿಗೆ ಮೇವು ಹಾಕಲು ನಾನು ಹೋಗುತ್ತಿದ್ದೆ. ಡಾಕ್ಟರು ಧಾರವಾಡದ ಕಡೆಯವರು, ನಿವೃತ್ತ ಪಶುವೈದ್ಯರು. ನಾನು ತಂದದ್ದೆಲ್ಲ ಅವರಿಗೆ ತಪ್ಪಾಗಿಯೇ ಕಾಣುತ್ತಿತ್ತು.

"ಏನ್ರೀ ಮೈಸೂರವ್ರ, ಮತ್ತ ಬಾಳಿಹಣ್ಣು? ತನ್ನ ಊರಾಗ ಇದು ಹೊಳಿದಂಡಿ ಹುಲ್ಲು, ನೀರಾಗಿನ ಜೊಂಡು, ಬ್ಯಾಸಗ್ಯಾಗ ಗಿಡದ ತೊಗಟಿ ತಿಂದು ಬದುಕತೈತಿ. ಇಲ್ಲಿ ಒಣಹುಲ್ಲು, ಗಿನಿಪಿಗ್ಗಿಗೆ ಹಾಕೋ ವಿಟಮಿನ್ ಸಿ ಪೆಲೆಟ್ಟು. ಮುಗೀತು. ಇದರ ಹಲ್ಲು ಬೆಳಕೋಂತನ ಇರ್ತಾವ, ಒರಟ ಹುಲ್ಲ ಅಗದ್ರ ಮಾತ್ರ ಸವೀತಾವ."

ಬೆಳಿಗ್ಗೆ ಮಿಲ್ಲಿ ತನ್ನ ಹಿಕ್ಕೆಯನ್ನೇ ತಿನ್ನುವುದನ್ನು ಕಂಡು ನಾನು ಮುಖ ಸಿಂಡರಿಸಿದರೆ, "ಅದು ಎರಡನೇ ಪಂಕ್ತಿ, ಸುಮ್ನಿರ್ರಿ" ಎನ್ನುವರು.

ಹೋದ ಮೇ ತಿಂಗಳಲ್ಲಿ ಅಮ್ಮನ ಮೊದಲ ವರ್ಷದ ತಿಥಿ ಬಂತು. ಪುರೋಹಿತರು ವಿಡಿಯೊದಲ್ಲಿ ಮಾಡಿಸಿ, ಪಿಂಡವನ್ನು ಹಸುವಿಗೆ ಕೊಡಿ, ಇಲ್ಲವೇ ನೀರಿಗೆ ಬಿಡಿ ಎಂದರು. ಹತ್ತಿರದ ಡೈರಿಯವರು ಹಸುವಿಗೆ ಹೊರಗಿನ ತುತ್ತು ಬೇಡವೆಂದರು. ನದಿಗೆ ಅನ್ನ ಹಾಕಿದರೆ ದಂಡ ಹಾಕಿಯಾರೆಂದು ನನಗೇ ಹೆದರಿಕೆ. ಆಗ ನನ್ನ ಬುದ್ಧಿ ಓಡಿತು ನೋಡಿ: ಮಿಲ್ಲಿ ಹುಲ್ಲು ತಿನ್ನುತ್ತಾಳೆ, ನೀರಿನಲ್ಲಿರುತ್ತಾಳೆ. ಹಸುವೂ ಆಯಿತು, ನೀರೂ ಆಯಿತು. ಅನ್ನ, ಎಳ್ಳು, ತುಪ್ಪ, ಜೇನು ಕಲಸಿದ ಮೂರೂ ಉಂಡೆಗಳನ್ನು ಅವಳು ಚಪ್ಪರಿಸಿ ತಿಂದಳು. ಅಮ್ಮನೇ ಉಂಡಳೆಂದು ನನ್ನ ಕಣ್ಣು ತುಂಬಿತು.

ಮರುದಿನ ಬೆಳಿಗ್ಗೆ ಮಿಲ್ಲಿ ಹೊಟ್ಟೆ ಉಬ್ಬಿ, ಹಲ್ಲು ಕಡಿಯುತ್ತ ಬಿದ್ದಿದ್ದಳು. ಹುಲ್ಲನ್ನು ಮೂಸಿಯೂ ನೋಡಲಿಲ್ಲ.

"ಯಾರು ಏನ್ ಕೊಟ್ಟೀರಿ? ಖರೇ ಹೇಳ್ರಿ" ಎಂದು ಡಾಕ್ಟರು ಅಲ್ಲಿನ ಕೆಲಸದವರು, ನಾನು ಎನ್ನದೆ ಒಬ್ಬೊಬ್ಬರನ್ನೇ ಕೇಳಿದರು. ನಾನು ಬಾಲ್ದಿ ತೊಳೆಯುವ ನೆಪ ಮಾಡಿ ಅತ್ತ ಸರಿದೆ. ಇವಳು ಸತ್ತರೆ ಅಮ್ಮನ ಹೆಸರಿನ ಅನ್ನವೇ ಕೊಂದಂತಾಯಿತಲ್ಲ ಎಂಬ ದಿಗಿಲು. ಒಂದು ಗಂಟೆಯಾದ ಮೇಲೆ ಕೊನೆಗೆ ಬಾಯಿಬಿಟ್ಟೆ.

"ಡಾಕ್ಟ್ರೇ, ನಾನೇ. ಅಮ್ಮನ ತಿಥಿ ಪಿಂಡ ಹಾಕ್ಬಿಟ್ಟೆ."

ಅವರು ಬೈಯಲಿಲ್ಲ. "ಒಂದ್ ತಾಸು ಕಳದ್ರಲ್ರೀ" ಎಂದಷ್ಟೇ ಅಂದು, ಪ್ರಾಣಿ ಆಸ್ಪತ್ರೆಗೆ ಫೋನು ಮಾಡಿದರು. ಅಲ್ಲಿಂದ ಬಂದವರು ಔಷಧ ಕೊಟ್ಟು, ನಾಳೆಯವರೆಗೆ ಏನೂ ಹೇಳಲಾಗದು ಎಂದರು. ಸಂಜೆಯವರೆಗೆ ನಾವಿಬ್ಬರೂ ಸರದಿಯಲ್ಲಿ ಅವಳ ಹೊಟ್ಟೆ ನೀವಿದೆವು. ಎಪ್ಪತ್ತೆಂಟರ ಆ ಮನುಷ್ಯ ಒದ್ದೆ ನೆಲದ ಮೇಲೆಯೇ ಕೂತಿದ್ದರು. ನನಗೆ ನಾಚಿಕೆಯಾಯಿತು.

ಮಾರನೆಯ ದಿನ ಮಿಲ್ಲಿ ಒಂದು ಎಳೆ ಹುಲ್ಲು ಎಳೆದುಕೊಂಡಳು. ಆಮೇಲೆ ಇನ್ನೊಂದು. ಡಾಕ್ಟರು ಅಲ್ಲೇ ನೆಲಕ್ಕೆ ಕುಸಿದು ಕೂತು ಕಣ್ಣೊರೆಸಿಕೊಂಡರು.

ಹದಿನೈದು ದಿನಕ್ಕೆ ಹೃದಯಾಘಾತವಾಗಿ ಹೋಗಿಬಿಟ್ಟರು. ಮಿಲ್ಲಿ ಹುಲ್ಲು ಎಳೆದುಕೊಂಡ ಅಂದು ಗೇಟಿನ ಬಳಿ ಆಡಿದ್ದೇ ನಮ್ಮ ಕೊನೆಯ ಮಾತು. "ಅಮ್ಮನಿಗೆ ಏನೂ ಮುಟ್ಲಿಲ್ಲ ಅಲ್ವಾ ಡಾಕ್ಟ್ರೇ?" ಎಂದು ಕೇಳಿದ್ದೆ. ಅವರು ತೆರೆದ ಕಾರಿನ ಬಾಗಿಲನ್ನು ಮತ್ತೆ ಮುಚ್ಚಿ ನನ್ನ ಕಡೆ ತಿರುಗಿದರು.

"ಅವ್ವಾರಿಗೆ ಮುಟ್ಟೇತ್ರೀ. ಇದಕ್ಕ ಅರಗಲಿಲ್ಲ, ಅಷ್ಟ."