ನಾನು ತಟ್ಟದ ಭುಜ

ಮೊನ್ನೆ ಮಗಳ ಈಜಿನ ಚೀಲ ತೆರೆದಾಗ ಒದ್ದೆ ರಬ್ಬರಿನ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು. ಮೂರು ವರ್ಷದ ಹಿಂದೆ ಎಸ್ವಾಟಿನಿಯ ನದಿದಡದಲ್ಲಿ ತೊಟ್ಟಿದ್ದ ಲೈಫ್ ಜಾಕೆಟ್‌ಗೂ ಇದೇ ವಾಸನೆಯಿತ್ತು...

ನಾವಿರುವ ಬಡಾವಣೆ ಫೋರ್ ಎಸ್ ರ್ಯಾಂಚಿನಲ್ಲಿ ಪಕ್ಕದ ಮನೆಯ ಅಂಕಲ್ ಮೈಸೂರಿನವರು, ನಿವೃತ್ತ ಡಾಕ್ಟರು. ಇನ್ನೂ ರಾಜನ ಆಳ್ವಿಕೆ ಇರುವ ದೇಶವೊಂದನ್ನು ನೋಡದಿದ್ದರೆ ಮೈಸೂರಿನವನಾಗಿ ಹುಟ್ಟಿದ್ದೇ ದಂಡ ಎನ್ನುತ್ತಿದ್ದರು. ಅವರ ಹಟಕ್ಕೇ ಎರಡೂ ಮನೆಯವರು ಲಾಸ್ ಏಂಜಲೀಸಿನಲ್ಲಿ ವಿಮಾನ ಹತ್ತಿ ಆಫ್ರಿಕಾದ ಆ ಪುಟ್ಟ ರಾಜ್ಯ ಎಸ್ವಾಟಿನಿಗೆ ಹೋದೆವು.

ರಾಫ್ಟಿಂಗಿನ ಹುಚ್ಚು ಹತ್ತಿದ್ದು ಅಲ್ಲಿಗೆ ಹೋದ ಮೇಲೆ. ಒಂದು ರಾಫ್ಟಿಗೆ ಇಬ್ಬರು; ನಮ್ಮದರಲ್ಲಿ ಅಂಕಲ್ ಮತ್ತು ನಾನು. ಗೈಡ್ ಮುಂದಿನ ರಾಫ್ಟಿನಿಂದ ಕೂಗಿದಂತೆ ಎಡಕ್ಕೋ ಬಲಕ್ಕೋ ಹುಟ್ಟು ಹಾಕಬೇಕು. ನನ್ನ ಗಂಡ, ಮಗಳು, ಆಂಟಿ ಜೀಪಿನಲ್ಲಿ ಕೆಳಗಿನ ದಡಕ್ಕೆ ಹೊರಟರು. ಅಂಕಲ್ ತಮ್ಮ ಹಿಯರಿಂಗ್ ಏಡ್ ಎರಡನ್ನೂ ಕಳಚಿ ಆಂಟಿಯ ಕೈಗಿತ್ತರು. ದುಬಾರಿ ಸಾಮಾನು, ನೀರಿಗೆ ಬಿದ್ದರೆ ಕೆಡುತ್ತದಲ್ಲ. ಅವಿಲ್ಲದಿದ್ದರೆ ಪಕ್ಕದಲ್ಲಿ ಕೂಗಿದರೂ ಅವರಿಗೆ ಕೇಳಿಸದು. ಗೈಡ್‌ಗೆ ಹೇಳಿದರೆ ಹತ್ತಿಸಲಾರನೆಂದು ಇಬ್ಬರೂ ಬಾಯಿ ಮುಚ್ಚಿಕೊಂಡೆವು.

"ನೀನು ಹಿಂದೆ ಕೂತ್ಕೋಮ್ಮ. ಅವನು ಎಡಕ್ಕೆ ಅಂದ್ರೆ ನನ್ನ ಎಡಭುಜ ತಟ್ಟು, ಬಲಕ್ಕೆ ಅಂದ್ರೆ ಬಲಭುಜ. ಅಷ್ಟೇ," ಎಂದರು.

ಎರಡು ತಿರುವು ಸಲೀಸಾಗಿ ದಾಟಿದೆವು. ಮೂರನೆಯದರಲ್ಲಿ ನೀರು ಬಂಡೆಗಳ ನಡುವೆ ಕುದಿಯುತ್ತಿತ್ತು. ಎಡಕ್ಕೆ, ಎಡಕ್ಕೆ ಎಂದು ಗೈಡ್ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಜೀವ ಬಾಯಿಗೆ ಬಂದಿತ್ತು. ಎರಡೂ ಕೈಯಲ್ಲಿ ರಾಫ್ಟಿನ ಅಂಚಿನ ಹಗ್ಗ ಹಿಡಿದುಬಿಟ್ಟಿದ್ದೆ. ಅಂಕಲ್ ಒಮ್ಮೆ ಭುಜ ಕುಣಿಸಿದರು, ಯಾವ ಕಡೆಗೆ ಎಂದು ಕೇಳುವಂತೆ. ನಾನು ಕೈ ಬಿಡಲಿಲ್ಲ. ರಾಫ್ಟ್ ಬಂಡೆಗೆ ಬಡಿದು ಓರೆಯಾಯಿತು, ಅವರು ನೀರಿನೊಳಗೆ ಹೋದರು. ಅವರ ಹೆಲ್ಮೆಟ್ ಎಲ್ಲೂ ಕಾಣಲಿಲ್ಲ... ಎಷ್ಟು ಹೊತ್ತೋ... ಕೊನೆಗೆ ಗೈಡ್ ಬಹಳ ಕೆಳಗೆ ಅವರ ಜಾಕೆಟ್ ಹಿಡಿದು ಎಳೆದುಕೊಂಡ.

ದಡದಲ್ಲಿ ಕೆಮ್ಮುತ್ತಲೇ ಅಂಕಲ್ ಎಲ್ಲರಿಗೂ ಹೇಳಿದರು, ಇವಳು ತಟ್ಟಿದಳು, ನಾನೇ ಗಮನಿಸಲಿಲ್ಲ ಅಂತ. ನಾನು ಸುಮ್ಮನಿದ್ದೆ. ಮನೆಗೆ ಮರಳಿದ ಮೇಲೂ, ಅವರು ಬೇಲಿಯಾಚೆಯಿಂದ ಕರಿಬೇವು ಕೊಡುವಾಗಲೂ, ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ. ಕಳೆದ ಚಳಿಗಾಲದಲ್ಲಿ ಅಂಕಲ್ ಹೋಗಿಬಿಟ್ಟರು.

ನಿನ್ನೆ ಆಂಟಿಯ ಅಡುಗೆಮನೆಯಲ್ಲಿ ನಿಂತು ಕೊನೆಗೂ ಬಾಯಿಬಿಟ್ಟೆ.

"ಆಂಟಿ, ಅವತ್ತು ನಾನು ತಟ್ಲೇ ಇಲ್ಲ."

ಆಂಟಿ ಒಲೆ ಆರಿಸಿದರು. "ಗೊತ್ತು ಕಣೇ. ಅವತ್ತೇ ರೂಮಲ್ಲಿ ಹೇಳಿದ್ರು. ಒಂದಿನ ನೀನಾಗೇ ಬಂದು ಹೇಳ್ತೀಯ ಅಂತ ಕಾಯ್ತಿದ್ರು."

ಅಳು ತಡೆಯಲಾಗಲಿಲ್ಲ. ಅಂಕಲ್ ಇಪ್ಪತ್ತು ಹೆಜ್ಜೆ ದೂರದಲ್ಲೇ ಇದ್ದರು, ನಾನು ಹೋಗಿ ಹೇಳಲಿಲ್ಲ.